ಒಂದೇ ತೊಟ್ಟಿ, ಮೂರು ಸಂಸಾರ: ಮೈಸೂರಿನ ಮನೆಯಲ್ಲಿ ಸಿಕ್ಲಿಡ್ ಮೀನುಗಳು

ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಅಂಚಿನವರೆಗೆ ತುಂಬಿದರೆ ಸುಮಾರು 250 ಲೀಟರ್ ನೀರು. ಕುವೆಂಪುನಗರದ ನಮ್ಮ ಮನೆಯಲ್ಲಿ ಆರು ವರ್ಷಗಳಿಂದ ಇರುವುದು ಈ ಒಂದೇ ಗಾಜಿನ ತೊಟ್ಟಿ. ಒಳಗಿನ ಸಂಸಾರ ಮಾತ್ರ ಮೂರು ಬಾರಿ ಬದಲಾಗಿದೆ. ಮೊದಲು ಅಮೆರಿಕ ಖಂಡದ ಸಿಕ್ಲಿಡ್‌ಗಳನ್ನೂ ಆಫ್ರಿಕಾದವನ್ನೂ ಬೆರೆಸಿದೆ. ಆಮೇಲೆ ಏಂಜಲ್ ಮೀನುಗಳು. ಈಗ ಆಫ್ರಿಕಾದ ಮಲಾವಿ ಸರೋವರದ ಬಂಡೆ ಮೀನುಗಳು.

ಸಿಕ್ಲಿಡ್ ನಮಗೆ ಅಪರಿಚಿತ ಕುಲವೇನಲ್ಲ. ನಮ್ಮ ಕೆರೆಗಳಲ್ಲಿ ಬಲೆಗೆ ಬೀಳುವ ಜಿಲೇಬಿ ಮೀನು ಈ ಕುಲದ್ದೇ. ಆಫ್ರಿಕಾ ಮೂಲದ ಅದನ್ನು ಭಾರತಕ್ಕೆ ತಂದದ್ದು 1952ರಲ್ಲಿ. ಕೆರೆಯಂಚಿನ ತೆಳುನೀರಿನಲ್ಲಿ ತಟ್ಟೆಯಗಲದ ಗುಳಿ ತೋಡಿ, ಹತ್ತಿರ ಸುಳಿದ ಇನ್ನೊಂದು ಗಂಡನ್ನು ಅಟ್ಟುವ ಜಿಲೇಬಿಯನ್ನು ನೋಡಿದವರಿಗೆ ಸಿಕ್ಲಿಡ್‌ಗಳ ಸ್ವಭಾವವನ್ನು ಬೇರೆ ವಿವರಿಸಬೇಕಾಗಿಲ್ಲ. ಕೆರೆಯಲ್ಲಿ ಸೋತ ಮೀನಿಗೆ ಓಡಿಹೋಗಲು ನೀರಿದೆ. ನಾಲ್ಕು ಅಡಿಯ ತೊಟ್ಟಿಯಲ್ಲಿ ಓಡಿದ್ದು ಗಾಜಿಗೆ ಬಡಿಯುತ್ತದೆ, ಹಿಂದಿರುಗಿ ಮತ್ತೆ ಅದೇ ಬಾಯಿಗೆ ಸಿಗುತ್ತದೆ.

ಮೊದಲ ಸಂಸಾರಕ್ಕೆ ಕಾರಣ ಬಣ್ಣದ ಆಸೆ. ಎರಡು ಅಂಗುಲದ ಒಂದು ಆಸ್ಕರ್ ಮರಿ, ಪಟ್ಟೆಪಟ್ಟೆಯ ಎರಡು ಕಾನ್ವಿಕ್ಟ್, ಹಳದಿ ಮೈಗೆ ಕಪ್ಪು ಗೆರೆ ಎಳೆದಂತಿದ್ದ ನಾಲ್ಕು ಔರಾಟಸ್. "ಎಲ್ಲ ಒಟ್ಟಿಗೆ ಇರುತ್ತವೆ ಸರ್" ಎಂದು ಅಂಗಡಿಯವರು ಹೇಳಿದ್ದರು. ಎರಡು ತಿಂಗಳು ಇದ್ದವು ಕೂಡ, ಎಲ್ಲವೂ ಮರಿಗಳಾಗಿದ್ದ ಕಾರಣ. ಅನಂತರ ಕಾನ್ವಿಕ್ಟ್‌ಗಳು ಜೋಡಿಯಾಗಿ ಮಣ್ಣಿನ ಕುಡಿಕೆಯೊಂದರಲ್ಲಿ ಮೊಟ್ಟೆ ಇಟ್ಟವು. ಅಂದಿನಿಂದ ತೊಟ್ಟಿಯ ಎಡಗಡೆಯ ಅರ್ಧಕ್ಕೆ ಬೇರೆ ಯಾವ ಮೀನಿಗೂ ಪ್ರವೇಶವಿರಲಿಲ್ಲ. ತಮಗಿಂತ ದೊಡ್ಡದಾಗಿದ್ದ ಆಸ್ಕರ್ ಅನ್ನೂ ಅವು ಮೂಲೆಗೆ ಒತ್ತಿದವು. ಉಳಿದ ಅರ್ಧದಲ್ಲಿ ಔರಾಟಸ್‌ಗಳ ಪೈಕಿ ಒಂದರ ಹಳದಿ ಮೈ ವಾರಗಳಲ್ಲೇ ಕಪ್ಪಿಗೆ ತಿರುಗಿತು. ರೋಗವೆಂದುಕೊಂಡು ಔಷಧ ಹಾಕಿದೆ. ಅದು ರೋಗವಲ್ಲ, ಯಜಮಾನಿಕೆ: ಈ ಜಾತಿಯಲ್ಲಿ ಹೆಣ್ಣು ಮತ್ತು ಮರಿಗಳು ಹಳದಿ, ಮೇಲುಗೈ ಪಡೆದ ಗಂಡು ಕಪ್ಪು. ಅದರ ಹೊಡೆತಕ್ಕೆ ಒಂದು ಔರಾಟಸ್ ರೆಕ್ಕೆ ಹರಿದುಕೊಂಡು ಸತ್ತಿತು.

ಉಳಿದ ಎರಡನ್ನು ಕೊಂದದ್ದು ನಾನು ಹಾಕಿದ ಊಟ. ಆಸ್ಕರ್ ಹುಳು, ಸಿಗಡಿ ತಿಂದು ಬೆಳೆಯುವ ಮೀನು. ಔರಾಟಸ್ ಮಲಾವಿಯ ಬಂಡೆಗಳ ಮೇಲಿನ ಪಾಚಿ ಕೆರೆದು ತಿನ್ನುವ ಮೀನು. ಅದರ ಕರುಳು ಉದ್ದ. ಎರಡಕ್ಕೂ ನಾನು ಕೆಂಪು ಹುಳುವನ್ನೇ ಹಾಕುತ್ತಿದ್ದೆ. ಎರಡು ಔರಾಟಸ್‌ಗಳ ಹೊಟ್ಟೆ ಉಬ್ಬಿತು, ಮೇವು ಬಿಟ್ಟವು, ವಾರದೊಳಗೆ ಹೋದವು. ಇದನ್ನು ನೆನೆದಾಗ ಇಂದಿಗೂ ಸಂಕಟವಾಗುತ್ತದೆ. ಆಸ್ಕರ್ ಪೂರ್ತಿ ಬೆಳೆದರೆ ಒಂದು ಅಡಿ ಆಗುತ್ತದೆ. ಕೈ ಉದ್ದವಾಗುವ ಮೊದಲೇ ಅದನ್ನು ಗೆಳೆಯರ ಹಿತ್ತಲಿನ ಸಿಮೆಂಟ್ ತೊಟ್ಟಿಗೆ ಕಳುಹಿಸಿದೆ. ಕಾನ್ವಿಕ್ಟ್ ಜೋಡಿಯೂ ಕಪ್ಪು ಗಂಡೂ ಬೇರೆ ಬೇರೆ ಮನೆ ಸೇರಿದವು. ಈ ಬೆರಕೆಯನ್ನು ಯಾರಿಗೂ ಹೇಳಲಾರೆ.

ಏಂಜಲ್‌ಗಳ ಕಾಲ ಶಾಂತವಾಗಿತ್ತು. ಐದು ಮರಿ, ಹಿಂಬದಿಗೆ ಒತ್ತಾದ ಗಿಡ, ಒಂದು ಒಣ ಬೇರು. ಮೂಲತಃ ಅಮೆಜಾನ್‌ನ ಮೆದು (ಲವಣ ಕಡಿಮೆಯಿರುವ) ನೀರಿನವಾದ್ದರಿಂದ ನಲ್ಲಿಯ ಕಾವೇರಿ ನೀರು ಒಗ್ಗಿತು. ಡ್ರಮ್ಮಿನಲ್ಲಿ ಒಂದು ದಿನ ಗಾಳಿಯಾಡಿಸಿ, ಕ್ಲೋರಿನ್ ಕಳೆದು ಹಾಕುತ್ತಿದ್ದೆ. ಡಿಸೆಂಬರ್ ರಾತ್ರಿಗಳಲ್ಲಿ ಹೀಟರ್ ಬೇಕೇ ಬೇಕು, ನೀರು ತಣ್ಣಗಾದರೆ ಅವು ಮಂಕಾಗುತ್ತವೆ. ಜೋಡಿಯೊಂದು ನೆಟ್ಟಗೆ ನಿಂತ ಎಲೆಯ ಮೇಲೆ ಸಾಲಾಗಿ ಮೊಟ್ಟೆ ಅಂಟಿಸಿ, ಗಂಡುಹೆಣ್ಣು ಸರದಿಯಂತೆ ರೆಕ್ಕೆ ಬೀಸುತ್ತಾ ಕಾಯುವುದನ್ನು ನೋಡುತ್ತಾ ಎಷ್ಟೋ ಸಂಜೆ ಊಟ ತಡಮಾಡಿದ್ದೇನೆ. ಆದರೆ ಜೋಡಿಯಾದ ಮೇಲೆ ಉಳಿದ ಮೂರಕ್ಕೆ ಇಲ್ಲಿಯೂ ಮೂಲೆಯೇ ಗತಿ. ಒಂದೂವರೆ ಅಡಿ ಎತ್ತರದಲ್ಲಿ ಮರಳು, ಮೇಲಿನ ಖಾಲಿ ಜಾಗ ಕಳೆದರೆ ಅವುಗಳ ಉದ್ದ ರೆಕ್ಕೆಗೆ ಉಳಿಯುವುದು ಕಡಿಮೆ. ಕೊನೆಗೆ ಒಂದು ಬೇಸಿಗೆಯಲ್ಲಿ ನಲ್ಲಿ ನೀರು ನಾಲ್ಕು ದಿನ ಬರಲಿಲ್ಲ. ನಾನು ಅರ್ಧ ತೊಟ್ಟಿಗೆ ಬೋರ್‌ವೆಲ್ ನೀರನ್ನು ಒಮ್ಮೆಲೇ ಸುರಿದೆ. ಗಡಸು ನೀರಿನಲ್ಲೂ ಏಂಜಲ್ ಬದುಕುತ್ತದೆ, ನಿಧಾನವಾಗಿ ಒಗ್ಗಿಸಿದರೆ. ಹೀಗೆ ಸುರಿದರೆ ಇಲ್ಲ. ಎರಡು ಉಳಿದವು.

ಪಾತ್ರೆಯ ತಳದಲ್ಲಿ ಬಿಳಿ ಕರೆ ಕಟ್ಟುವ ಆ ಬೋರ್‌ವೆಲ್ ನೀರೇ ಮೂರನೆಯ ಸಂಸಾರಕ್ಕೆ ದಾರಿ ತೋರಿಸಿತು. ಪಿಎಚ್ (ನೀರು ಆಮ್ಲೀಯವೋ ಕ್ಷಾರೀಯವೋ ಎಂಬುದರ ಅಳತೆ) ನೋಡಿದರೆ 8ರ ಆಸುಪಾಸು. ಮಲಾವಿ ಸರೋವರದ ನೀರೂ ಹೆಚ್ಚುಕಡಿಮೆ ಹಾಗೆಯೇ. ಉಳಿದ ಏಂಜಲ್‌ಗಳನ್ನು ಪರಿಚಿತರ ಮನೆಗೆ ಕೊಟ್ಟು, ಮಂಡ್ಯದ ಹತ್ತಿರದ ಅಣ್ಣನ ಗದ್ದೆಯ ಬದುವಿನಿಂದ ಕಲ್ಲು ತಂದು ಚೆನ್ನಾಗಿ ಉಜ್ಜಿ ತೊಳೆದೆ. ಕಲ್ಲುಗಳನ್ನು ಮೊದಲು ತಳದ ಮೇಲೆ ಭದ್ರವಾಗಿ ಕೂರಿಸಿ ಆಮೇಲೆ ಮರಳು ಹಾಕಬೇಕು; ಇವು ಮರಳು ತೋಡುವ ಮೀನುಗಳು, ಮರಳಿನ ಮೇಲಿಟ್ಟ ಕಲ್ಲು ಒಂದು ದಿನ ಗಾಜಿನ ಮೇಲೆ ಉರುಳುತ್ತದೆ. ಗುಡ್ಡೆಯನ್ನು ನೀರಿನ ಮೇಲ್ಮೈ ಹತ್ತಿರದವರೆಗೆ ಎಬ್ಬಿಸಿದೆ. ಒಂದು ಕೊನೆಯಲ್ಲಿ ನಿಂತರೆ ಇನ್ನೊಂದು ಕೊನೆ ಕಾಣಬಾರದು.

ಯೆಲ್ಲೋ ಲ್ಯಾಬ್ ಎಂಬ ಹಳದಿ ಮೀನು ಏಳು, ತುಕ್ಕು ಬಣ್ಣದ ರಸ್ಟಿ ಏಳು. ಬಂಡೆ ಮೀನುಗಳಲ್ಲಿ ಇವೆರಡೂ ಸಾಧು ಜಾತಿಗಳು. ಒಂದರ ಬಣ್ಣ ಇನ್ನೊಂದರದ್ದಲ್ಲ ಎಂಬುದು ಮುಖ್ಯ, ಏಕೆಂದರೆ ಗಂಡು ಮೊದಲು ಅಟ್ಟುವುದು ತನ್ನಂತೆ ಕಾಣುವ ಗಂಡನ್ನು. ಒಂದು ಗಂಡಿಗೆ ಮೂರು ಹೆಣ್ಣಾದರೂ ಇರಲಿ. ಸಂಖ್ಯೆ ಕಡಿಮೆ ಮಾಡಿದರೆ ಶಾಂತಿ ಹೆಚ್ಚುತ್ತದೆ ಎಂದುಕೊಂಡಿದ್ದೆ, ತಪ್ಪು. ನಾಲ್ಕೇ ಮೀನಿದ್ದರೆ ಪೆಟ್ಟೆಲ್ಲ ಒಂದಕ್ಕೇ ಬೀಳುತ್ತದೆ, ಹದಿನಾಲ್ಕಿದ್ದರೆ ಹಂಚಿಹೋಗುತ್ತದೆ. ಅಷ್ಟು ಮೀನಿನ ಹೊಲಸಿಗೆ ಫಿಲ್ಟರ್ ದೊಡ್ಡದಿರಬೇಕು, ಪ್ರತಿ ವಾರ ಮೂರನೇ ಒಂದು ಭಾಗ ನೀರು ಬದಲಿಸಬೇಕು. ಊಟ ಸ್ಪಿರುಲಿನಾ ಎಂಬ ಪಾಚಿಯ ಕಾಳು, ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಅದ್ದಿದ ಪಾಲಕ್. ಕರೆಂಟು ಹೋದರೆಂದು ಬ್ಯಾಟರಿಯ ಗಾಳಿ ಪಂಪು ಪಕ್ಕದಲ್ಲೇ ಇದೆ.

ಹೆಣ್ಣು ಸುಮಾರು ಮೂರು ವಾರ ಮೊಟ್ಟೆಮರಿಗಳನ್ನು ಬಾಯಲ್ಲಿಟ್ಟುಕೊಂಡು ಉಪವಾಸವಿರುತ್ತದೆ. ಗದ್ದದ ಕೆಳಗೆ ಉಬ್ಬು, ಕಾಳು ಹಾಕಿದರೂ ಮೇಲೆ ಬರುವುದಿಲ್ಲ. ಮರಿಗಳನ್ನು ಹೊರಬಿಡುವಾಗ ಅದು ಎಷ್ಟು ಸೊರಗಿರುತ್ತದೆಂದರೆ, ಕಲ್ಲಿನ ಸಂದಿ ಇಲ್ಲದಿದ್ದರೆ ಗಂಡುಗಳ ಕಾಟಕ್ಕೆ ಉಳಿಯುವುದು ಕಷ್ಟ.

ಹಾಗಾಗಿ ನನ್ನ ಆಯ್ಕೆ ಇದೇ. ವರ್ಷವಿಡೀ ಮೆದು ನೀರು ಖಾತ್ರಿಯಿದ್ದು, ಎರಡು ಅಡಿ ಎತ್ತರದ ತೊಟ್ಟಿ ಇರುವವರು ಏಂಜಲ್ ಸಾಕಲಿ, ಅದರ ಚೆಲುವು ಬಂಡೆ ಮೀನಿಗಿಲ್ಲ. ಬೋರ್‌ವೆಲ್ ನೀರಿನ ಮನೆಗಳಿಗೆ ಬಂಡೆ ಮೀನೇ ಸರಿ.

ಕಳೆದ ವರ್ಷ ಈ ಗುಂಪಿಗೆ ಪೀಕಾಕ್ ಎಂಬ ನೀಲಿ ಸಿಕ್ಲಿಡ್‌ನ ಮೂರು ಗಂಡು ಸೇರಿಸಿದೆ. ಅವೂ ಮಲಾವಿಯವೇ, ನೀರೂ ಅದೇ. ಆದರೆ ಅವು ಮರಳಿನ ಮೇಲೆ ತೇಲುತ್ತಾ ಹುಳುವಿನ ಅಲುಗಾಟ ಹಿಡಿದು ತಿನ್ನುವ ಮೀನುಗಳು. ಕಲ್ಲುಗುಡ್ಡೆಯ ಗಲಾಟೆ ಅವುಗಳಿಗೆ ಸಹಿಸಲಿಲ್ಲ. ತಿಂಗಳೊಳಗೆ ನೀಲಿ ಬಣ್ಣ ಬೂದಿಯಾಯಿತು. ಅಣ್ಣನ ಮನೆಯಲ್ಲಿ ಬರೀ ಮರಳು, ಎರಡೇ ಕಲ್ಲಿನ ತೊಟ್ಟಿಯೊಂದಿದೆ, ಅಲ್ಲಿಗೆ ಒಯ್ದು ಬಿಟ್ಟೆ. ಹದಿನೈದು ದಿನದ ಮೇಲೆ ಅತ್ತಿಗೆ ಮೊಬೈಲಿಗೆ ಚಿತ್ರ ಕಳುಹಿಸಿದರು. ನೀಲಿ ಮರಳಿತ್ತು.