ಪರ್ಷಿಯನ್, ಪುಟ್ಟ ಮರಿ, ದೊಡ್ಡ ನಾಟಿ ಬೆಕ್ಕು: ನಮ್ಮ ಮನೆಗೆ ಒಗ್ಗಿದ್ದು ಯಾವುದು

ಯಾವ ಬೆಕ್ಕು ಸಾಕಲಿ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಒಂದೇ: ಹಗಲು ನಿಮ್ಮ ಮನೆಯಲ್ಲಿ ಯಾರಿರುತ್ತಾರೆ? ಈ ಪ್ರಶ್ನೆ ನನಗೆ ಹೊಳೆಯುವಷ್ಟರಲ್ಲಿ ನಮ್ಮ ಮನೆಗೆ ಎರಡು ಬೆಕ್ಕು ಬಂದು ಹೋಗಿದ್ದವು. ಮೂರನೆಯದು ಈಗ ಇದೆ.

ನಮ್ಮದು ದಾವಣಗೆರೆ. ಎರಡನೇ ಮಹಡಿಯ ಬಾಡಿಗೆ ಮನೆ. ನಾನು, ಯಜಮಾನರು ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಬರುವುದು ಸಂಜೆ. ಹಗಲೆಲ್ಲ ಅಮ್ಮ ಒಬ್ಬರೇ. ಅವರಿಗೆ 71, ಕೋಲು ಹಿಡಿದು ನಡೆಯುತ್ತಾರೆ.

ಮೊದಲು ಬಂದಿದ್ದು ಬಿಳಿ ಪರ್ಷಿಯನ್, ಮಲ್ಲಿ. ಊರು ಬಿಟ್ಟು ಹೊರಟ ನೆಂಟರು ಕೊಟ್ಟಿದ್ದು. ಸ್ವಭಾವಕ್ಕೆ ಹತ್ತಕ್ಕೆ ಹತ್ತು ಅಂಕ. ಕೂರಿಸಿದಲ್ಲಿ ಕೂರುತ್ತಿತ್ತು, ಪರಚಿದ್ದೇ ಇಲ್ಲ. ಆದರೆ ಅದರ ಕೂದಲು! ಎರಡು ದಿನ ಬಾಚದಿದ್ದರೆ ಕಿವಿಯ ಹಿಂದೆ, ಕಂಕುಳಲ್ಲಿ ಗಂಟು. ಒಮ್ಮೆ ಡಾಕ್ಟರ ಹತ್ತಿರ ಕತ್ತರಿಸಿಸಿದಾಗ ಗಂಟಿನ ಕೆಳಗೆ ಚರ್ಮ ಕೆಂಪಗೆ ಆಗಿತ್ತು, ನೋಡಿ ಹೊಟ್ಟೆ ಚುರ್ ಅಂತು. ಚಪ್ಪಟೆ ಮುಖ ಆದ್ದರಿಂದ ಕಣ್ಣಲ್ಲಿ ನೀರು ಇಳಿಯುತ್ತಲೇ ಇರುತ್ತಿತ್ತು, ದಿನಾ ಬೆಳಿಗ್ಗೆ ಒದ್ದೆ ಹತ್ತಿಯಿಂದ ಒರೆಸಬೇಕು. ಇಷ್ಟಾದರೂ ಮಾಡಬಹುದಿತ್ತು. ಏಪ್ರಿಲ್ ಬಂತು ನೋಡಿ, ಮಲ್ಲಿ ಬಚ್ಚಲುಮನೆ ನೆಲಕ್ಕೆ ಹೊಟ್ಟೆ ಅಂಟಿಸಿ ಮಲಗಿ ಬಾಯಿ ತೆರೆದು ಏದುಸಿರು ಬಿಡತೊಡಗಿತು. ನಾಯಿ ಹಾಗೆ ಉಸಿರಾಡಿದರೆ ಸಹಜ, ಬೆಕ್ಕು ಹಾಗೆ ಮಾಡಿದರೆ ಅದು ಕಷ್ಟದಲ್ಲಿದೆ ಅಂತಲೇ ಅರ್ಥ. ಕೊನೆಗೆ ಎಸಿ ಇರುವ ಅಣ್ಣನ ಮನೆಗೆ ಕಳಿಸಿದೆವು. ತಂಪಾದ ಕೋಣೆ, ದಿನಾ ಬಾಚಲು ಇಪ್ಪತ್ತು ನಿಮಿಷ, ಎರಡೂ ಇರುವವರು ಪರ್ಷಿಯನ್ ಸಾಕಿ. ದುಡ್ಡು ಕೊಟ್ಟು ತರುವುದಾದರೆ ಮರಿಯ ಅಪ್ಪ ಅಮ್ಮನಿಗೆ ಮೂತ್ರಪಿಂಡದಲ್ಲಿ ನೀರುಗುಳ್ಳೆಯ ಕಾಯಿಲೆ ಇದೆಯಾ ಅಂತ ಪರೀಕ್ಷೆ ಮಾಡಿಸಿದ್ದಾರಾ ಕೇಳಿ. ಈ ತಳಿಯಲ್ಲಿ ಅದು ವಂಶದಿಂದ ಬರುತ್ತದೆ.

ಆಮೇಲೆ ಕೇಸರಿ ಬಣ್ಣದ ಗಂಡು ಮರಿ, ಎರಡು ತಿಂಗಳದ್ದು. ಸಂಜೆ ನಮಗೆ ಅದೇ ಹಬ್ಬ. ಆದರೆ ಹಗಲು? ಮರಿಗೆ ಅಲುಗಾಡುವುದೆಲ್ಲ ಬೇಟೆ, ಅಮ್ಮನ ಸೀರೆ ನೆರಿಗೆಯೂ, ಕೋಲಿನ ತುದಿಯೂ. ಒಂದು ದಿನ ಬೇಗ ಮನೆಗೆ ಬಂದರೆ ಅಮ್ಮ ಒಂದು ಕೈಯಲ್ಲಿ ಗೋಡೆ ಹಿಡಿದು ನಿಂತಿದ್ದರು, ಮರಿ ನೆರಿಗೆಗೆ ನೇತಾಡುತ್ತಿತ್ತು. "ಪಾಪ, ಅದಕ್ಕೇನು ಗೊತ್ತಾಗುತ್ತೆ" ಅಂದರು. ಅವರ ಕೈ ನಡುಗುತ್ತಿತ್ತು. ಅವತ್ತೇ ನಿರ್ಧಾರ ಮಾಡಿದೆ. ಸಹೋದ್ಯೋಗಿಯ ಮನೆಯಲ್ಲಿ ಅದೇ ವಯಸ್ಸಿನ ಇನ್ನೊಂದು ಮರಿ ಇತ್ತು, ಅಲ್ಲಿಗೆ ಕೊಟ್ಟೆವು. ಈಗ ಎರಡೂ ಒಂದನ್ನೊಂದು ಕೆಡವಿಕೊಂಡು ಸುಖವಾಗಿವೆ. ಮರಿಯನ್ನು ಒಂಟಿಯಾಗಿ ದಿನವಿಡೀ ಬಿಡುವುದಕ್ಕಿಂತ ಜೋಡಿ ತರುವುದೇ ವಾಸಿ. ಲಸಿಕೆಯ ಓಡಾಟ, ಸಂತಾನಹರಣ ಆಪರೇಷನ್ ಖರ್ಚು ಆಗ ಎರಡರಷ್ಟು, ಅದೂ ಲೆಕ್ಕದಲ್ಲಿರಲಿ.

ಮೂರನೆಯದು ಗೌರಿ. ಬಿಳಿ, ಕಪ್ಪು, ಕೇಸರಿ, ಮೂರು ಬಣ್ಣ. ಈ ಮೂರೂ ಇದ್ದರೆ ಹೆಚ್ಚುಕಡಿಮೆ ಹೆಣ್ಣೇ. ಕಿವಿಯ ತುದಿ ಕತ್ತರಿಸಿತ್ತು, ಬೀದಿ ಬೆಕ್ಕಿಗೆ ಸಂತಾನಹರಣ ಮಾಡಿದ್ದಕ್ಕೆ ಹಾಗೆ ಗುರುತು ಹಾಕುತ್ತಾರೆ, ಅಂದರೆ ಅದು ಮೊದಲೇ ಆಗಿತ್ತು. ಎರಡು ವರ್ಷದಿಂದ ನಮ್ಮ ಕಟ್ಟಡದ ಪಾರ್ಕಿಂಗ್‌ನಲ್ಲೇ ಇತ್ತು. ದೊಡ್ಡ ಬೆಕ್ಕಿನ ದೊಡ್ಡ ಅನುಕೂಲ ಇದೇ ಅಲ್ವಾ, ಸ್ವಭಾವ ಮೊದಲೇ ಕಣ್ಣೆದುರಿಗಿರುತ್ತದೆ. ಮಕ್ಕಳು ಓಡಿದರೆ ಗೌರಿ ಗಾಬರಿಯಾಗುತ್ತಿರಲಿಲ್ಲ, ಯಾರ ಕಾಲಿಗೂ ಅಡ್ಡ ಬರುತ್ತಿರಲಿಲ್ಲ. ಅದನ್ನೆಲ್ಲ ನೋಡಿಯೇ ಮೇಲೆ ತಂದಿದ್ದು. ನಾಟಿ ಬೆಕ್ಕಿನ ಗಿಡ್ಡ ಕೂದಲಿಗೆ ವಾರಕ್ಕೊಮ್ಮೆ ಬಾಚಿದರೆ ಸಾಕು. ಸೆಖೆಗೆ ಒಗ್ಗಿದ ಜೀವ.

ಊಟದ ವಿಷಯ ಮಾತ್ರ ಮೂರಕ್ಕೂ ಒಂದೇ, ನಮ್ಮಂಥ ಸಸ್ಯಾಹಾರಿ ಮನೆಯವರು ಇದನ್ನು ಮೊದಲೇ ಕೂತು ಮಾತಾಡಿಕೊಳ್ಳಬೇಕು. "ನಮ್ಮೂರಲ್ಲಿ ಬೆಕ್ಕು ಮೊಸರನ್ನ ತಿಂದೇ ಬದುಕುತ್ತಿತ್ತು" ಅಂದರು ಅಮ್ಮ. ನಿಜ, ಆದರೆ ಆ ಬೆಕ್ಕು ಅಟ್ಟದ ಇಲಿ ಹಿಡಿಯುತ್ತಿತ್ತು. ಮಹಡಿ ಮನೆಯಲ್ಲಿ ಬಾಗಿಲು ಹಾಕಿಟ್ಟ ಬೆಕ್ಕಿಗೆ ಇಲಿ ಎಲ್ಲಿಂದ ಬರಬೇಕು? ಮಾಂಸದಲ್ಲಿರುವ ಟಾರಿನ್ ಎಂಬ ಪೋಷಕಾಂಶ ಸಿಗದಿದ್ದರೆ ಬೆಕ್ಕಿನ ಕಣ್ಣು, ಹೃದಯ ಎರಡೂ ಹಾಳಾಗುತ್ತವೆ. ಈಗ ಬಾಲ್ಕನಿಯಲ್ಲಿ ಗೌರಿಗೆ ಬೇರೆ ತಟ್ಟೆ, ಬೇರೆ ಚಮಚ, ಪ್ಯಾಕೆಟ್ ಆಹಾರ. ಅಮ್ಮ ಒಪ್ಪಿದ್ದು ಆ ಚಮಚದ ಷರತ್ತಿನ ಮೇಲೆ. ಬಾಲ್ಕನಿಗೆ ಜಾಲರಿ ಹಾಕಿಸಿದೆವು. ನೆಲ ಒರೆಸಲು ಫಿನಾಯಿಲ್ ಬಿಟ್ಟೆವು, ಬೆಕ್ಕು ಪಂಜ ನೆಕ್ಕಿಕೊಳ್ಳುತ್ತದಲ್ಲ, ಅದು ವಿಷ.

ದೊಡ್ಡ ಬೆಕ್ಕು ತಂದರೆ ತಾಳ್ಮೆ ಬೇಕು, ಇದೊಂದೇ ಅದರ ಕಷ್ಟ. ಗೌರಿ ಒಂಬತ್ತು ದಿನ ಮಂಚದ ಕೆಳಗೇ ಇತ್ತು, ರಾತ್ರಿ ಬಂದು ತಿಂದು ಹೋಗುತ್ತಿತ್ತು. ಎಳೆಯಬೇಡಿ, ಸುಮ್ನೆ ಬಿಡಿ. ಹತ್ತನೇ ದಿನ ಅಮ್ಮ ನಡುಮನೆಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಾಗ ಬಾಗಿಲ ಹತ್ತಿರ ಬಂದು ಕೂತಿತಂತೆ. ಮಾರನೇ ದಿನ ಒಂದು ಟೈಲ್ಸ್ ಮುಂದೆ. ಅದರ ಮಾರನೇ ದಿನ ಇನ್ನೊಂದು. ಅಮ್ಮ ತಲೆ ಎತ್ತದೆ ಟೈಲ್ಸ್ ಎಣಿಸುತ್ತಿದ್ದರಂತೆ, ಸಂಜೆ ನಮಗೆ ವರದಿ. ಹದಿನೆಂಟನೇ ದಿನ ನಾನು ಮನೆಗೆ ಬಂದಾಗ ಮೊರದ ಪಕ್ಕ ಅಮ್ಮನ ಮಂಡಿಗೆ ಬೆನ್ನು ಆನಿಸಿ ಗೌರಿ ಮಲಗಿತ್ತು. ಅಕ್ಕಿ ಆರಿಸಿ ಎಷ್ಟೋ ಹೊತ್ತಾಗಿತ್ತು, ಅಮ್ಮ ಎದ್ದಿರಲಿಲ್ಲ.