ಮಡಚುವ ಕ್ಯಾಮೆರಾನಾ, ಎರಡು ಲೆನ್ಸಿನದ್ದಾ?

ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತೋರಿಗೆ ಮಡಚುವ ಫಿಲ್ಮ್ ಕ್ಯಾಮೆರಾನೇ ಸರಿ. ಆಗ್ಫಾ ಐಸೊಲೆಟ್ ಮಡಚಿದರೆ ಜಾಕೆಟ್ ಜೇಬಲ್ಲಿ ಕೂರುತ್ತದೆ. ಎರಡು ಲೆನ್ಸಿನ ಯಾಶಿಕಾ ಮ್ಯಾಟ್ 124ಜಿ ಸುಮಾರು 1 ಕೆಜಿ, ಕುತ್ತಿಗೆ ನೋಯುತ್ತದೆ. 120 ಅನ್ನೋ ಅಗಲ ಫಿಲ್ಮ್‌ನ ಒಂದು ರೋಲಿನಲ್ಲಿ ಎರಡಕ್ಕೂ 12 ಚೌಕ ಚಿತ್ರ.

ಆದರೆ ಮದುವೆ ಮನೆಯಲ್ಲಿ ಕುಪ್ಯ (ಕೊಡವರ ಉದ್ದ ನಿಲುವಂಗಿ) ತೊಟ್ಟ ಹಿರಿಯರನ್ನು ತೆಗೆಯಬೇಕಾ? ಯಾಶಿಕಾನೇ ತಗೊಳ್ಳಿ. ತಲೆ ಬಗ್ಗಿಸಿ, ಗಾಜಿನ ಮೇಲೆ ಮುಖ ನೋಡ್ತಾ ಫೋಕಸ್ ಮಾಡಬಹುದು. ಎಡ-ಬಲ ಅದಲುಬದಲಾಗಿ ಕಾಣುತ್ತದೆ, ರೂಢಿಯಾಗುತ್ತೆ ಬಿಡಿ. ಮಾಮೂಲಿ ಐಸೊಲೆಟ್‌ನಲ್ಲಿ ದೂರವನ್ನು ಸುಮ್ನೆ ಅಂದಾಜು ಮಾಡಬೇಕು.

ಹಳೇ ಐಸೊಲೆಟ್ ಕೊಳ್ಳುವಾಗ ಕತ್ತಲ ಕೋಣೆಯಲ್ಲಿ ಬೆಲ್ಲೋಸ್ (ಲೆನ್ಸಿನ ಹಿಂದಿನ ಮಡಿಕೆ ಮಡಿಕೆಯ ಚೀಲ) ಒಳಗೆ ಟಾರ್ಚ್ ಹಾಕಿ, ಬೆಳಕು ಹೊರಗೆ ಸೋರುತ್ತಾ ನೋಡಿ. ಮಡಿಕೆಯ ಮೂಲೆಗಳಲ್ಲೇ ಸೂಜಿತೂತು ಜಾಸ್ತಿ. ಮಡಿಕೇರಿ ಮಳೆಗೆ ಎರಡರ ಲೆನ್ಸಿಗೂ ಬೂಸ್ಟು ಹಿಡಿಯುತ್ತದೆ. ಚರ್ಮದ ಚೀಲ ಬೇಡ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ.