ನಮ್ಮ ಹಿತ್ತಿಲ ಫ್ರೇಮ್ ಪೂಲ್ ನಾಲ್ಕು ಬೇಸಿಗೆ ಬಂತು, ಐದನೆಯದಕ್ಕೆ ಕೈ ಕೊಟ್ಟಿತು

"ಹತ್ತು ವರ್ಷ ಯೋಚ್ನೆನೇ ಮಾಡ್ಬೇಡಿ ಸಾರ್, ಕಬ್ಬಿಣದ ಫ್ರೇಮು." ಅಂಗಡಿಯವರು ಹೇಳಿದ್ದು ಹೀಗೆ. ಯಾವ ಅಂಗಡಿ, ಯಾವ ಕಂಪನಿ ಅಂತ ಬರೆಯಲ್ಲ, ಯಾಕೆಂದರೆ ಈ ತರದ ಪೂಲ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾತಿ, ಮಾರುವವರ ಮಾತೂ ಒಂದೇ ಜಾತಿ. ಡಬ್ಬದೊಳಗಿದ್ದ ವಾರಂಟಿ ಕಾರ್ಡಿನಲ್ಲಿ ಮಾತ್ರ 90 ದಿನ ಅಂತ ಇತ್ತು. ಅದನ್ನು ಓದಿದ್ದು ಮನೆಗೆ ಬಂದ ಮೇಲೆ.

ತಗೊಂಡಿದ್ದು 2021ರ ಮಾರ್ಚ್‌ನಲ್ಲಿ. ಮನೆ ಮೈಸೂರಿನ ಬೋಗಾದಿ ಕಡೆ, ಪಕ್ಕದಲ್ಲಿ ಅರ್ಧ ಸೈಟು ಖಾಲಿ. ಹಿಂದಿನ ವರ್ಷವಿಡೀ ಮಕ್ಕಳು ಮನೆಯಲ್ಲೇ ಕೊಳೆತಿದ್ದರು. ಸರಸ್ವತಿಪುರಂನ ಯೂನಿವರ್ಸಿಟಿ ಪೂಲ್‌ಗೆ ಸೇರಿಸೋಣ ಅಂದರೆ ಕೊರೋನಾ ಭಯ. ಪಂಪು, ಮುಚ್ಚಳ ಎಲ್ಲ ಸೇರಿ 17,500 ರೂಪಾಯಿ ಕೊಟ್ಟೆ. ಏಪ್ರಿಲ್ ಕೊನೆಗೆ ಮತ್ತೆ ಲಾಕ್‌ಡೌನ್ ಬಂತು ನೋಡಿ, ಆ ಒಂದು ತಿಂಗಳಲ್ಲೇ ದುಡ್ಡು ವಸೂಲಾಯಿತು ಅಂತ ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ನೋಡದವರಿಗೆ ಹೇಳಬೇಕೆಂದರೆ, ಇದು ಗಾಳಿ ತುಂಬುವ ತೊಟ್ಟಿ ಅಲ್ಲ. ಬಣ್ಣ ಹೊಡೆದ ಕಬ್ಬಿಣದ ಪೈಪುಗಳನ್ನು ಒಂದಕ್ಕೊಂದು ಸಿಕ್ಕಿಸಿ ದುಂಡಗೆ ನಿಲ್ಲಿಸಬೇಕು, ಅದಕ್ಕೆ ದಪ್ಪ ಪಿವಿಸಿ ಲೈನರ್ ಜೋತು ಬೀಳುತ್ತದೆ. ಲೈನರ್ ಅಂದರೆ ಎರಡು ಪದರ ಪಿವಿಸಿ, ಮಧ್ಯೆ ಪಾಲಿಯೆಸ್ಟರ್ ಬಲೆ. ನಮ್ಮದು 10 ಅಡಿ ಅಗಲ, 30 ಇಂಚು ಎತ್ತರ. ಹೇಳಿದಷ್ಟು ತುಂಬಿದರೆ ಸುಮಾರು 4,500 ಲೀಟರ್ ನೀರು. ಅಂದರೆ ನಾಲ್ಕೂವರೆ ಟನ್. ಈ ತೂಕ ತಲೆಯಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಪಕ್ಕದ ಬೀದಿಯವರೊಬ್ಬರು ಬಂದು ನೋಡಿ, ಟೆರೇಸ್ ಮೇಲೆ ಇಡುತ್ತೇವೆ ಅಂದರು. ದಯವಿಟ್ಟು ಬೇಡ. ಓಡಾಡುವ ಟೆರೇಸನ್ನು ಚದರ ಮೀಟರಿಗೆ ಸುಮಾರು 150 ಕೆಜಿ ಭಾರದ ಲೆಕ್ಕದಲ್ಲಿ ಡಿಸೈನ್ ಮಾಡುತ್ತಾರೆ. ಎರಡಡಿ ನೀರು ನಿಂತರೆ ಅಷ್ಟೇ ಜಾಗದ ಮೇಲೆ 600 ಕೆಜಿ. ಪೂಲ್ ಎಷ್ಟು ವರ್ಷ ಬರುತ್ತದೆ ಅನ್ನೋದು ಬಿಡಿ, ಮನೆ ಎಷ್ಟು ವರ್ಷ ಬರುತ್ತದೆ ಅಂತ ಕೇಳಬೇಕಾಗುತ್ತದೆ.

ಮೊದಲ ವರ್ಷ ನಾನು ಮಾಡಿದ ತಪ್ಪು ನೆಲದ್ದು. ಕಣ್ಣಿಗೆ ಸಮ ಕಾಣುತ್ತಿತ್ತು, ಹುಲ್ಲು ಕೆತ್ತಿ ಟಾರ್ಪಾಲ್ ಹಾಸಿ ನಿಲ್ಲಿಸಿಬಿಟ್ಟೆ. ನೀರು ಅರ್ಧ ತುಂಬಿದ ಮೇಲೆ ನೋಡಿದರೆ ಒಂದು ಕಡೆ ನೀರು ಎರಡಿಂಚು ಮೇಲೆ, ಆ ಕಡೆಯ ಕಾಲುಗಳು ಹೊರಕ್ಕೆ ವಾಲಿವೆ. ಎಲ್ಲ ಖಾಲಿ ಮಾಡಿದೆ. ಗಾರೆ ಕೆಲಸದವರೊಬ್ಬರು ಬಂದು ನೀರು ತುಂಬಿದ ಪಾರದರ್ಶಕ ಟ್ಯೂಬ್ ಹಿಡಿದು ಅರ್ಧ ಗಂಟೆಯಲ್ಲಿ ಲೆವೆಲ್ ತೆಗೆದುಕೊಟ್ಟರು. ಎತ್ತರದ ಕಡೆ ಮಣ್ಣು ಕೆತ್ತಿ ತಗ್ಗಿಸಬೇಕು, ತಗ್ಗಿನ ಕಡೆ ಮಣ್ಣು ತುಂಬಬಾರದು, ತುಂಬಿದ್ದು ಭಾರಕ್ಕೆ ಕುಸಿಯುತ್ತದೆ ಅಂದರು. ಅದರ ಮೇಲೆ ಎರಡಿಂಚು ಎಂ ಸ್ಯಾಂಡ್, ಪ್ರತಿ ಕಾಲಿನ ಕೆಳಗೆ ಒಂದೊಂದು ಕಡಪ ಕಲ್ಲಿನ ತುಂಡು. ಆಮೇಲೆ ನಾಲ್ಕು ವರ್ಷ ಒಂದು ಕಾಲೂ ಅಲುಗಲಿಲ್ಲ.

ಎರಡನೆಯ ವರ್ಷ ನಿಜವಾದ ವೈರಿ ಸಿಕ್ಕಿತು. ಕೊನ್ನಾರಿ ಹುಲ್ಲು. ಮೇಲೆ ಕೆತ್ತಿದರೆ ಸಾಯಲ್ಲ, ಗಡ್ಡೆ ಒಳಗೇ ಇರುತ್ತದೆ, ನೀರಿನ ತಂಪಿಗೆ ಚಿಗುರಿ ಸೂಜಿ ತರ ಮೇಲಕ್ಕೆ ಬರುತ್ತದೆ. ಟಾರ್ಪಾಲನ್ನೂ ತೂರಿ, ಲೈನರನ್ನೂ ತೂರಿತ್ತು. ಒಂದು ದಿನ ಮಗಳು ಒಳಗಿಂದ "ಅಪ್ಪಾ, ಇಲ್ಲೇನೋ ಚುಚ್ತಿದೆ" ಅಂದಳು. ಕೈ ಹಾಕಿದರೆ ಅಕ್ಕಿಕಾಳಿನಷ್ಟು ಹಸಿರು ಮೊಳಕೆ, ಪೂಲ್ ಒಳಗೆ. ಮುಂದಿನ ವರ್ಷ ಅರ್ಧ ಅಡಿ ಅಗೆದು ಗಡ್ಡೆ ಆರಿಸಿದೆವು, ಒಂದು ಬಾಂಡಲಿ ಸಿಕ್ಕಿತು.

ಸೋರಿಕೆ ಬಗ್ಗೆ ಒಂದು ಮಾತು. ನೀರು ದಿನಾ ಕಡಿಮೆಯಾಗುತ್ತಿದೆ ಅಂತ ತೂತು ಹುಡುಕೋಕೆ ಶುರು ಮಾಡಬೇಡಿ. ಏಪ್ರಿಲ್ ಬಿಸಿಲಿಗೆ ದಿನಕ್ಕೆ ಐದಾರು ಮಿಲಿಮೀಟರ್ ಆವಿಯಾಗೋದು ಸಹಜ. ನಮ್ಮ ಅಳತೆಯ ಪೂಲ್‌ಗೆ ಅದು ನಾಲ್ಕು ಬಕೆಟ್‌ವರೆಗೂ ಬರುತ್ತದೆ. ಬಕೆಟ್‌ನಲ್ಲಿ ನೀರು ತುಂಬಿ ಪೂಲ್ ಪಕ್ಕ ಬಿಸಿಲಲ್ಲೇ ಇಡಿ, ಎರಡರಲ್ಲೂ ಮಟ್ಟಕ್ಕೆ ಗುರುತು ಹಾಕಿ, ಮಾರನೇ ದಿನ ನೋಡಿ. ಎರಡೂ ಒಂದೇ ಸಮ ಇಳಿದಿದ್ದರೆ ಬಿಸಿಲು ಕುಡಿದಿದೆ ಅಂತ. ಪೂಲ್ ಜಾಸ್ತಿ ಇಳಿದಿದ್ದರೆ ತೂತು. ಎಲ್ಲಿ ಅಂತ ಗೊತ್ತಾಗದಿದ್ದರೆ, ನೀರು ಅಲುಗಾಡದೆ ನಿಂತಾಗ ಅನುಮಾನದ ಜಾಗದ ಹತ್ತಿರ ಬಟ್ಟೆಗೆ ಹಾಕುವ ನೀಲಿ ಒಂದೇ ಒಂದು ಹನಿ ಬಿಡಿ. ತೂತಿದ್ದರೆ ನೀಲಿ ದಾರದ ಹಾಗೆ ಎಳೆದುಕೊಂಡು ಹೋಗುತ್ತದೆ. ನೋಡೋಕೆ ಚೆನ್ನಾಗಿರುತ್ತದೆ, ಹೊಟ್ಟೆ ಉರಿಯುತ್ತದೆ.

ಕ್ಲೋರಿನ್ ವಿಷಯದಲ್ಲಿ ನನ್ನದು ಪೂರ್ತಿ ಪೆದ್ದತನ. ಬ್ಲೀಚಿಂಗ್ ಪೌಡರನ್ನು ಹಾಗೇ ಮೇಲಿಂದ ಉದುರಿಸಿದೆ. ಉಂಡೆ ಉಂಡೆಯಾಗಿ ತಳಕ್ಕೆ ಹೋಗಿ ಕೂತಲ್ಲೆಲ್ಲ ನೀಲಿ ಲೈನರ್ ಮೇಲೆ ಬಿಳಿ ಮಚ್ಚೆ. ಬರೀ ಬಣ್ಣ ಹೋಗಿದ್ದರೆ ಪರವಾಗಿರಲಿಲ್ಲ, ಆ ಜಾಗ ಒರಟಾಯಿತು. ಪಿವಿಸಿಯನ್ನು ಮೆತ್ತಗೆ ಇಡೋಕೆ ಅದರಲ್ಲಿ ಒಂದು ಎಣ್ಣೆಯಂಥ ಅಂಶ ಸೇರಿಸಿರುತ್ತಾರೆ. ಬಿಸಿಲು, ಗಟ್ಟಿ ಕ್ಲೋರಿನ್ ಎರಡೂ ಸೇರಿ ಆ ಮೆತ್ತಗಿನ ಗುಣವನ್ನೇ ತೆಗೆದುಬಿಡುತ್ತವೆ. ಆಮೇಲೆ ಕಲಿತಿದ್ದು ಇಷ್ಟು: ಎರಡು ಮೂರು ಚಮಚ ಪುಡಿಯನ್ನು ಬಕೆಟ್ ನೀರಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿಯೋವರೆಗೂ ಬಿಟ್ಟು, ಮೇಲಿನ ತಿಳಿನೀರು ಮಾತ್ರ ಸಂಜೆ ಹೊತ್ತು ಹಾಕಬೇಕು. ಬೆಳಗ್ಗೆ ಹಾಕಿದರೆ ಮಧ್ಯಾಹ್ನದೊಳಗೆ ಬಿಸಿಲೇ ತಿಂದು ಮುಗಿಸುತ್ತದೆ. ಹಾಕದೇ ಒಂದು ವಾರ ಬಿಟ್ಟರೆ ಸೊಳ್ಳೆ ಮರಿ ಗ್ಯಾರಂಟಿ. ನಮ್ಮ ಬೀದಿಗೆ ಲಾರ್ವಾ ನೋಡೋಕೆ ಬರುವ ಆಶಾ ಕಾರ್ಯಕರ್ತೆ ಟಾರ್ಚ್ ಬಿಟ್ಟು ನೋಡಿ ನನಗೆ ಚೆನ್ನಾಗಿ ಬೈದಿದ್ದರು, ಬೈಸಿಕೊಳ್ಳಬೇಕಾದ್ದೇ.

ಪಂಪಿನ ಬಗ್ಗೆ ಹೆಚ್ಚು ಹೇಳೋಕೇನಿಲ್ಲ, ಅದು ಇನ್ನೂ ಓಡುತ್ತಿದೆ. ಲೈನಿಗೆ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್, ಹಾಕಿಸದೆ ಪಂಪ್ ಆನ್ ಮಾಡಬೇಡಿ, ಅಷ್ಟೇ.

ಈಗ ನನ್ನ ಭಾವಮೈದನ ಪೂಲ್ ಕಥೆ, ಅದಿಲ್ಲದೆ ಇದು ಪೂರ್ತಿಯಾಗಲ್ಲ. ಅವನದು ಮಂಡ್ಯ ಹತ್ತಿರದ ಹಳ್ಳಿ. ನಮ್ಮದು ನೋಡಿ ಅದೇ ವರ್ಷ ಅದೇ ಸೈಜು ತಗೊಂಡ. ಬೋರ್‌ವೆಲ್ ನೀರು ಬಿಟ್ಟ, ಕ್ಲೋರಿನ್ ಹಾಕಿದ. ಬೆಳಗ್ಗೆ ಎದ್ದರೆ ಪೂಲ್ ತುಂಬ ಟೀ. "ಭಾವ, ಯಾರೋ ಏನೋ ಕದಡವ್ರೆ" ಅಂತ ಫೋನು. ಯಾರೂ ಕದಡಿರಲಿಲ್ಲ. ನೀರಿನಲ್ಲಿದ್ದ ಕಬ್ಬಿಣದ ಅಂಶ ಕ್ಲೋರಿನ್ ಸೇರಿ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಅವನು ಪೂಲನ್ನು ಒಮ್ಮೆಯೂ ಮಡಚಲಿಲ್ಲ. ವರ್ಷಪೂರ್ತಿ ಬಯಲಲ್ಲೇ, ನೀರು ಇದ್ದಾಗ ಇತ್ತು, ಇಲ್ಲದಾಗ ಇಲ್ಲ. ಮೂರನೇ ಬೇಸಿಗೆ ಮುಗಿಯೋ ಹೊತ್ತಿಗೆ ನೀರಿನ ಮಟ್ಟಕ್ಕಿಂತ ಮೇಲಿನ ಒಂದು ಗೇಣು ಭಾಗ ಒಣಗಿದ ತೆಂಗಿನ ಮಟ್ಟೆ ತರ ಆಗಿತ್ತು, ಬೆರಳಲ್ಲಿ ಒತ್ತಿದರೆ ಗೆರೆ ಬೀಳುತ್ತಿತ್ತು. ನೀರೊಳಗಿದ್ದ ಭಾಗ ಮಾತ್ರ ಇನ್ನೂ ಮೆತ್ತಗೇ ಇತ್ತು. ನನಗೆ ಆಶ್ಚರ್ಯವಾಗಿದ್ದು ಇದೇ. ನೀರಿಂದ ಲೈನರ್ ಹಾಳಾಗಲಿಲ್ಲ, ನೀರಿಲ್ಲದ ಕಡೆ ಹಾಳಾಯಿತು.

ನಾನು ಬುದ್ಧಿವಂತ ಅಂದುಕೊಂಡಿದ್ದೆ. ನಾನು ಪ್ರತಿ ವರ್ಷ ಮೇ ಕೊನೆಗೆ, ಮಳೆ ಹಿಡಿಯೋ ಮೊದಲು, ಖಾಲಿ ಮಾಡಿ ಒರೆಸಿ ಮಡಚಿಡುತ್ತಿದ್ದೆ. ಕೊನೆಯ ನಾಲ್ಕು ದಿನ ಕ್ಲೋರಿನ್ ಹಾಕದೆ ಬಿಟ್ಟು ಆ ನೀರನ್ನು ತೆಂಗಿನ ಬುಡಕ್ಕೆ ಬಿಡುತ್ತಿದ್ದೆ, ಅಷ್ಟಾದರೂ ಪಾಪ ಕಡಿಮೆಯಾಗಲಿ ಅಂತ. 2024ರ ಬೇಸಿಗೆ ನೆನಪಿರಬೇಕಲ್ವಾ, ಬೆಂಗಳೂರಿನಲ್ಲಿ ಈಜುಕೊಳಕ್ಕೆ ಕುಡಿಯೋ ನೀರು ಹಾಕಿದರೆ 5,000 ರೂಪಾಯಿ ದಂಡ ಅಂತ ಮಾಡಿದ್ದರು. ಆ ವರ್ಷ ಅಮ್ಮ ಪೇಪರ್ ಹಿಡಿದುಕೊಂಡು ಪೂಲ್ ಪಕ್ಕ ಬಂದು ನಿಂತು ಏನೂ ಮಾತಾಡದೆ ಒಳಗೆ ಹೋದರು.

ಸರಿ, ಮಡಚಿಟ್ಟದ್ದು ಕಾರ್ ಶೆಡ್‌ನ ಮೂಲೆಯಲ್ಲಿ. ಪ್ರತಿ ಸಲವೂ ಡಬ್ಬಕ್ಕೆ ಹಿಡಿಸಬೇಕು ಅಂತ ಮಂಡಿ ಊರಿ ಒತ್ತಿ ಒತ್ತಿ ಮಡಚುತ್ತಿದ್ದೆ, ಅದೂ ಅದೇ ಗೆರೆಗಳ ಮೇಲೆ. 2025ರ ಮಾರ್ಚ್‌ನಲ್ಲಿ ಬಿಚ್ಚಿದರೆ ಮಡಿಕೆ ಕೂಡುವ ಮೂಲೆಗಳಲ್ಲೆಲ್ಲ ಬಿಳಿ ಗೆರೆ, ಎರಡು ಕಡೆ ಒಳಗಿನ ಬಲೆಯೇ ಕಾಣುತ್ತಿತ್ತು. ಸಾಲದು ಅಂತ ಇಲಿ. ಅದು ಒಂದು ತೂತು ಮಾಡಿ ಸುಮ್ನೆ ಇರುವ ಪ್ರಾಣಿಯಲ್ಲ. ಮಡಚಿದ್ದರ ಒಂದು ಮೂಲೆ ಕಡಿದಿತ್ತು, ಬಿಡಿಸಿದರೆ ಅದೇ ಆಕಾರದ ತೂತು ಹನ್ನೊಂದು ಜಾಗದಲ್ಲಿ, ಮಕ್ಕಳು ಪೇಪರ್ ಮಡಚಿ ಕತ್ತರಿಸಿ ಬಿಡಿಸಿದ ಹಾಗೆ. ಮಗ ಅದನ್ನು ನೋಡಿ ನಕ್ಕೇಬಿಟ್ಟ.

ಕೂತು ಲೆಕ್ಕ ಹಾಕಿದೆ. ವರ್ಷಕ್ಕೆ ಎರಡೂವರೆ ತಿಂಗಳಂತೆ ಪೂಲ್ ನೀರು ತುಂಬಿ ನಿಂತದ್ದು ಒಟ್ಟು ಹತ್ತು ತಿಂಗಳು. ಶೆಡ್‌ನಲ್ಲಿ ಬಿದ್ದಿದ್ದು ಮೂವತ್ತೆಂಟು ತಿಂಗಳು. ನಾನು ಆ ಹತ್ತು ತಿಂಗಳನ್ನೇ ಕಾದೆ, ಮಕ್ಕಳು ಹಾರಿದರೆ ಬೈದೆ, ಕಾಲು ತೊಳೆದು ಇಳಿಯಿರಿ ಅಂದೆ. ಕೆಟ್ಟಿದ್ದು ಆ ಮೂವತ್ತೆಂಟರಲ್ಲಿ.

ತೇಪೆ ಹಾಕೋಕೆ ಪ್ರಯತ್ನ ಪಟ್ಟೆ. ಪಂಕ್ಚರ್ ಅಂಗಡಿಗೆ ತಗೊಂಡು ಹೋದರೆ ಅವನು ಮುಟ್ಟಿ ನೋಡಿ, "ಇದು ರಬ್ಬರ್ ಅಲ್ಲ ಸಾರ್, ನಮ್ಮ ಸಲ್ಯೂಷನ್ ಹಿಡಿಯಲ್ಲ" ಅಂದ. ನಂಬದೆ ಹಾಕಿಸಿದೆ, ಹಿಡಿಯಲಿಲ್ಲ. ಪ್ಲಂಬರ್‌ಗಳ ಪಿವಿಸಿ ಗಮ್ ಹಿಡಿಯಿತು, ಆದರೆ ಒಣಗಿ ಗಾಜಿನಂತಾಗಿ, ನೀರು ತುಂಬಿ ಲೈನರ್ ಎಳೆದಾಗ ಪಟ್ಟಂತ ಬಿರಿಯಿತು. ಬಾಗುವ ವಿನೈಲ್‌ಗೆಂದೇ ಬರುವ ಅಂಟೇ ಬೇಕು. ಕೊನ್ನಾರಿ ತೂತಿಗೆ ಅದು ಎರಡು ವರ್ಷ ಚೆನ್ನಾಗಿ ನಿಂತಿತ್ತು. ಹನ್ನೊಂದು ಇಲಿ ತೂತಿಗೆ ಯಾವ ಅಂಟೂ ಸಾಲದು. ಲೈನರ್ ಮಾತ್ರ ಕೊಡಿ ಅಂತ ಅದೇ ಅಂಗಡಿಗೆ ಹೋದರೆ, ಬಿಡಿಯಾಗಿ ಬರಲ್ಲ, ಹೊಸ ಸೆಟ್ಟೇ ತಗೊಳ್ಳಿ ಅಂದರು. ಹತ್ತು ವರ್ಷದ ಮಾತು ನೆನಪಿಸಿದೆ. "ಫ್ರೇಮ್ ಬಗ್ಗೆ ಹೇಳಿದ್ದು ಸಾರ್" ಅಂದರು.

ನಿಜ ಹೇಳಬೇಕೆಂದರೆ ಫ್ರೇಮ್ ಇನ್ನೂ ಗಟ್ಟಿಯಾಗಿದೆ. ತುಕ್ಕು ಬಂದಿದ್ದು ಟಿ ಆಕಾರದ ಜಾಯಿಂಟ್‌ಗಳ ಹತ್ತಿರ ಮಾತ್ರ, ಅದೂ ಪೈಪಿನ ಒಳಗಡೆಯಿಂದ. ಪ್ರತಿ ವರ್ಷ ಬಿಚ್ಚಿದಾಗ ಪೈಪನ್ನು ಎತ್ತಿ ಹಿಡಿದು ಒಳಗಿನ ನೀರು ಸುರಿದು, ಒಣಗಿಸಿ, ಉಪ್ಪುಕಾಗದ ತಿಕ್ಕಿ ರೆಡ್ ಆಕ್ಸೈಡ್ ಹಚ್ಚಿದ್ದರಿಂದ ಉಳಿಯಿತು. ಭಾವಮೈದನ ಫ್ರೇಮ್ ಮಳೆಯಲ್ಲೇ ನಿಂತು ಎರಡು ಕಾಲು ಕೈಯಲ್ಲೇ ಮುರಿಯೋ ಹಾಗಾಗಿತ್ತು.

ಹಾಗಾಗಿ ಯಾರಾದರೂ ಕೇಳಿದರೆ ನಾನು ಹೇಳೋದು ಮೂರರಿಂದ ಐದು ವರ್ಷ. ನೆರಳಿರುವ ಜಾಗ, ಸಮತಟ್ಟು ನೆಲ, ಮಡಚೋ ಬದಲು ಸಡಿಲವಾಗಿ ಸುತ್ತಿ ಟಾಲ್ಕಂ ಪೌಡರ್ ಹಾಕಿ ಮುಚ್ಚಳದ ಡ್ರಮ್ಮಿನಲ್ಲಿ ಇಡೋದು, ಇಷ್ಟು ಮಾಡಿದರೆ ಆರನೇ ಬೇಸಿಗೆಯನ್ನೂ ನೋಡಬಹುದು. ನೆರಳು ಅಂದರೆ ತೆಂಗಿನ ಮರದ ನೆರಳಲ್ಲ ಮತ್ತೆ, ಗರಿ ಬಿದ್ದರೆ ಅಲ್ಲಿಗೆ ಮುಗಿಯಿತು. ಬೇಸಿಗೆಗೆ 4,375 ರೂಪಾಯಿ ಬಿತ್ತು ನಮಗೆ, ನೀರು ಕರೆಂಟು ಬಿಟ್ಟು. ಎರಡು ಮಕ್ಕಳು ಈಜಲ್ಲದಿದ್ದರೂ ನೀರಿಗೆ ಹೆದರದೆ ಮುಳುಗೋದು ಕಲಿತರು. ನನಗೆ ಮೋಸ ಅನ್ನಿಸಿಲ್ಲ.

ಹೊಸದು ತಗೊಂಡಿಲ್ಲ ಇನ್ನೂ. ಮಕ್ಕಳು ಉದ್ದವಾಗಿದ್ದಾರೆ, 30 ಇಂಚು ಸಾಲದು ಅಂತಾರೆ, 48 ಇಂಚಿನದ್ದು ನೋಡಿದರೆ ನೀರಿನ ಲೆಕ್ಕಕ್ಕೇ ಎದೆ ಒಡೆಯುತ್ತದೆ. ಸದ್ಯಕ್ಕೆ ಅಮ್ಮ ಆ ಫ್ರೇಮನ್ನು ತೆಂಗಿನ ಮರದ ಪಕ್ಕ ನಿಲ್ಲಿಸಿ ಹೀರೆ ಬಳ್ಳಿ ಹಬ್ಬಿಸಿದ್ದಾರೆ, ಮೊನ್ನೆ ಏಳು ಕಾಯಿ ಕಿತ್ತರು.